ಖಂಡ್ಯಾನ ರಾತ್ರಿ ಊಟ

ಯುದ್ಧವು ಮನುಕುಲದ ಅತ್ಯಂತ ಗಂಭೀರ ವ್ಯವಹಾರ. ರಾಷ್ಟ್ರಗಳ ಭವಿಷ್ಯ ಅದರಲ್ಲಿ ನಿರ್ಧಾರವಾಗುತ್ತದೆ. ಅಕ್ಕೋಳದ ನಮ್ಮ ಮನೆಯಲ್ಲಿ ಮಾತ್ರ ನಿರ್ಧಾರವಾಗಬೇಕಾಗಿದ್ದದ್ದು, ಒಂದು ನಾಯಿ ಎಷ್ಟು ಹೊತ್ತಿಗೆ ಉಣ್ಣಬೇಕು ಎಂಬುದು.

ಹೋದ ವಾರ ಹಳೆಯ ಟ್ರಂಕಿನ ತಳದಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಡಾಂಬರು ಗುಳಿಗೆಯ ವಾಸನೆ. ಮೊದಲ ಎರಡು ಸಾಲುಗಳನ್ನು ಯಾರೋ ಕಪ್ಪು ಶಾಯಿಯಿಂದ ಹೊಡೆದುಹಾಕಿದ್ದಾರೆ. ಉಳಿದದ್ದೆಲ್ಲ ನಾಯಿಯ ಸುದ್ದಿ. ನೀವು ನಗಬಹುದು, ಆಗ ನಾವು ನಗಲಿಲ್ಲ.

ನನ್ನ ನೇಮು ಕಾಕಾ ಯುದ್ಧನೌಕೆಯೊಂದರಲ್ಲಿ ರೇಷನ್ ಕೋಣೆ ನೋಡಿಕೊಳ್ಳುತ್ತಿದ್ದ. ಊರ ಬಾವಿಗೆ ಇಳಿಯಲೂ ಹೆದರುತ್ತಿದ್ದ ಈ ಮನುಷ್ಯ ನೌಕಾದಳ ಸೇರಿದ್ದು ಹೇಗೆಂಬುದು ನಮ್ಮ ಮನೆತನದ ಬಗೆಹರಿಯದ ಪ್ರಶ್ನೆ. ಯುದ್ಧ ಹತ್ತಿರ ಬಂದಂತೆ, ಹಡಗು ಎಲ್ಲಿದೆ, ಎತ್ತ ಹೊರಟಿದೆ ಎಂದು ಬರೆಯುವಂತಿರಲಿಲ್ಲ; ಬರೆದರೆ ಪತ್ರ ತಪಾಸಣೆ ಮಾಡುವವರು ಕಪ್ಪು ಶಾಯಿ ಹೊಡೆಯುತ್ತಿದ್ದರು. ಹಾಗಾಗಿ ಕಾಕಾ ಹಡಗಿನ ನಾಯಿಯ ಬಗ್ಗೆ ಬರೆದ. ಯಾವುದೋ ಬಂದರಿನಲ್ಲಿ ತಾನಾಗಿಯೇ ಹತ್ತಿ ಬಂದಿದ್ದ ಆ ಕಂದು ನಾಯಿಗೆ ಖಂಡ್ಯಾ ಎಂದು ಹೆಸರು. ಮುದ್ದು ಮಾಡುವವರು ಹಡಗಿನ ತುಂಬ; ಅನ್ನ ಹಾಕುವ ಜವಾಬ್ದಾರಿ ಕಾಕಾ ಒಬ್ಬನದು.

ಖಂಡ್ಯಾ ಆರಾಮ ಇದ್ದಾನೆಂದರೆ ಕಾಕಾ ಆರಾಮ ಇದ್ದಾನೆಂದು ನಾವು ತಿಳಿಯುತ್ತಿದ್ದೆವು. ಖಂಡ್ಯಾಗೆ ನೆಗಡಿಯಾದಾಗ ಮನೆಯಲ್ಲಿ ಎರಡು ದಿನ ಯಾರೂ ನೆಟ್ಟಗೆ ಮಾತಾಡಲಿಲ್ಲ. ಪತ್ರ ಓದುವ ಕೆಲಸ ನನ್ನದು. ನಿಪ್ಪಾಣಿಯ ಕಾಲೇಜಿಗೆ ಹೋಗುತ್ತಿದ್ದೆನೆಂಬ ಒಂದೇ ಕಾರಣಕ್ಕೆ ನಾನು ಮನೆಯ ವಿದ್ವಾಂಸ.

ಒಂದು ಪತ್ರದಲ್ಲಿ, ಖಂಡ್ಯಾಗೆ ರಾತ್ರಿ ಎಂಟಕ್ಕೆ ಊಟ ಹಾಕುತ್ತೇನೆ ಎಂದಿತ್ತು. ಆಯಿ, ಅಂದರೆ ಕಾಕಾನ ತಾಯಿ, ನನ್ನ ಅಜ್ಜಿ, ಜಪಮಾಲೆ ನಿಲ್ಲಿಸಿದಳು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವಂತಿಲ್ಲ. ಆಯಿಯಂತೂ ಜ್ವರದಲ್ಲಿ ನರಳುತ್ತಿದ್ದ ನನಗೂ ಕತ್ತಲಾದ ಮೇಲೆ ಗಂಜಿ ಕೊಟ್ಟವಳಲ್ಲ.

"ನಮ್ಮ ಕೈಯಾಗಿನ ಅನ್ನ ತಿನ್ನೂ ನಾಯಿ ಅದು. ಹೊತ್ತ ಮುಣಗೂದ್ರಾಗ ಹಾಕಂತ ಬರಿ."

"ಆಯಿ, ಅದು ಸರಕಾರಿ ನಾಯಿ."

"ಸರಕಾರಕ್ಕ ಹೊತ್ತ ಮುಣಗಂಗಿಲ್ಲೇನು? ಬರಿಯಲೇ, ಭಾಳ ಶಾಣ್ಯಾ ಅದಿ."

ಬರೆದೆ. ಕಾಕಾ ಪಾಲಿಸಿದ. ನಾಯಿ ಅವನಿಗಿಂತ ನಿಷ್ಠೆಯಿಂದ ಪಾಲಿಸಿತು. ತಿಂಗಳೊಳಗೆ, ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಊಟ ಬರದಿದ್ದರೆ ಆಕಾಶ ಹರಿಯುವಂತೆ ಬೊಗಳಲು ಕಲಿಯಿತು. ದುರ್ದೈವದಿಂದ, ಹಡಗು ದೀಪಗಳನ್ನೆಲ್ಲ ಆರಿಸಿ, ಉಸಿರು ಬಿಗಿಹಿಡಿದು ಕಾವಲಿಗೆ ನಿಲ್ಲುತ್ತಿದ್ದುದೂ ಅದೇ ಹೊತ್ತಿಗೆ. ಕಾಕಾನೂ ತನ್ನ ಜಾಗ ಬಿಟ್ಟು ಅಲುಗುವಂತಿರಲಿಲ್ಲ.

ಟ್ರಂಕಿನಲ್ಲಿ ಸಿಕ್ಕಿದ್ದು ಅದರ ಮುಂದಿನ ಪತ್ರ: "ಖಂಡ್ಯಾ ಸಂಜಿಮುಂದ ಒದರಾಕತ್ತಾನ. ಸಾಹೇಬ್ರು ಸಿಟ್ಟಾಗ್ಯಾರ. ಮುಂದಿನ ಸಲ ಹಡಗ ಹೊರಡೂದ್ರಾಗ ಸುಮ್ಮನಾಗದಿದ್ರ ದಂಡಿಮ್ಯಾಲೆ ಬಿಟ್ಟ ಹೋಗ್ತಾರಂತ. ಮೊದಲಿನಂಗ ರಾತ್ರಿ ಹಾಕಿದ್ರ ಸುಮ್ಮನಾದಾನು. ಅವ್ವಾ, ನೀ ಹೂಂ ಅಂದ್ರ ಅಷ್ಟ."

ಆಯಿ ಆ ದಿನವೆಲ್ಲ ಜಪಮಾಲೆ ಎಣಿಸುತ್ತ ಕೂತಳು. ನಾಯಿ ಇಳಿದುಹೋದರೆ ಕಾಕಾ ಏನು ಬರೆಯಬೇಕು? ಬರಿಯ ಕಪ್ಪು ಸಾಲುಗಳಿಂದ ಅವನು ಬದುಕಿದ್ದಾನೆಂದು ನಾವು ತಿಳಿಯುವುದು ಹೇಗೆ? ಮರುದಿನ ಬೆಳಿಗ್ಗೆ ಬಸದಿಗೆ ಹೋಗಿಬಂದವಳೇ, "ನಡಿ ನಿಪ್ಪಾಣಿಗೆ, ತಾರ ಹೊಡಿಯೂನು," ಎಂದಳು.

ಅಂಚೆ ಕಚೇರಿಯ ಗುಮಾಸ್ತರು ತಂತಿಯ ಫಾರ್ಮು ಓದಿದರು. ಖಂಡ್ಯಾ ಹೊತ್ತು ಮುಳುಗಿದ ಮೇಲೆ ಉಣ್ಣಲಿ, ಎಂದಷ್ಟೇ ಇತ್ತು. ವಿಳಾಸ, ಯುದ್ಧನೌಕೆಯದು. ಕನ್ನಡಕ ತೆಗೆದು ನನ್ನನ್ನು ನೋಡಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದ ವಿದ್ವಾಂಸನಾದ ನಾನು ಗೋಡೆ ನೋಡಿದೆ.

"ಯಾರ್ರೀ ಈ ಖಂಡ್ಯಾ? ಯುದ್ಧದ ಟೈಮ್ ಐತಿ, ಇಂಥಾ ಗುಪ್ತ ಸುದ್ದಿ ನಾ ಕಳಸಂಗಿಲ್ರಿ."

"ನಾಯಿ ಉಣ್ಣೂದ್ರಾಗ ಗುಪ್ತ ಏನೈತೋ ತಮ್ಮಾ?"

"ನಾಯಿ ಯಾವಾಗ ಬೇಕಾದ್ರೂ ಉಣ್ತೈತ್ರಿ ಆಯಿ. ಅದಕ್ಕ ತಾರ ಯಾಕ?"

ಹಿಂದೆ ಸಾಲಿನಲ್ಲಿ ನಮ್ಮ ಬಸದಿಯವರೇ ನಾಲ್ಕು ಜನ. ಆಯಿಯ ವ್ರತಗಳ ಕೀರ್ತಿ ಅಂಥದು. ಅವಳ ಕಣ್ಣಿಗೆ ಹೆದರಿ ರಾತ್ರಿ ಕದ್ದು ಶೇಂಗಾ ತಿನ್ನುವುದನ್ನು ಬಿಟ್ಟವರೂ ಅಲ್ಲಿದ್ದರು. ಆಯಿ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಉಣ್ಣಬಾರದು ಅಂದಾಕಿ ನಾನ. ಈಗ ಉಣ್ಣಲಿ ಅನ್ನಾಕಿನೂ ನಾನ. ನನ್ನ ಮಗಾ ಹಡಗಿನ್ಯಾಗ ಅದಾನ, ಅವನ ಸುದ್ದಿ ಆ ನಾಯಿ ಸುದ್ದಿ ಜೋಡಿನ ಬರತೈತಿ. ಪಾಪ ನನ್ನ ಮ್ಯಾಲ ಬರಲಿ ಅಂತ ಅದನ್ನೂ ತಾರದಾಗ ಹಾಕು."

ಗುಮಾಸ್ತರು ತಲೆ ಬಗ್ಗಿಸಿ, "ಪಾಪ ಬ್ಯಾಡ್ರಿ ಆಯಿ, ಶಬ್ದ ಹೆಚ್ಚಾದಂಗ ರೊಕ್ಕಾನೂ ಹೆಚ್ಚು," ಎಂದು ಮೆಲ್ಲಗೆ ಹೇಳಿ ಠಸ್ಸೆ ಹೊಡೆದರು.

ಆ ತಂತಿಯನ್ನು ಹಡಗಿನ ಹಿರಿಯ ಸಾಹೇಬರು ಎದ್ದುನಿಂತು ಓದಿದರೆಂದು ಕಾಕಾ ಮುಂದೆ ರಜೆಗೆ ಬಂದಾಗ ಹೇಳಿದ. ಕಾಕಾನ ಮಾತಿನಲ್ಲಿ ಅರ್ಧ ಸಮುದ್ರದ ನೀರು ಬೆರೆತಿರುತ್ತಿತ್ತು. ನೀವು ಪೂರ್ತಿ ನಂಬಬೇಕಿಲ್ಲ. ಇತ್ತೀಚೆಗೆ ನಾನು ಸಂಜೆ ಆರಕ್ಕೇ ಉಂಡು ಮುಗಿಸುತ್ತೇನೆ, ಡಾಕ್ಟರರ ಅಪ್ಪಣೆ. ಅದನ್ನು ನಾಲ್ಕು ಜನರ ಮುಂದೆ ಧರ್ಮವೆಂದು ಹೇಳಿಕೊಳ್ಳುತ್ತಿದ್ದೆ. ಈ ಪತ್ರ ಸಿಕ್ಕ ಮೇಲೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಖಂಡ್ಯಾ ರಾತ್ರಿ ಎಂಟಕ್ಕೆ ಉಂಡು, ಯುದ್ಧ ಮುಗಿಯುವವರೆಗೂ ಹಡಗಿನಲ್ಲೇ ಇದ್ದ. ಆಯಿ ಆ ಪಾಪದ ಲೆಕ್ಕಕ್ಕೆ ಅಷ್ಟು ದಿನವೂ ಒಂದೇ ಹೊತ್ತು ಉಂಡಳು.