ಕುಲ್ಸುಮಬಿಯ ದವಡೆ ನೋವು

ರಾಣೆಬೆನ್ನೂರಿನ ಕುಲ್ಸುಮಬಿ ತಲೆಯ ಮೇಲೆ ಬಳೆ ಬುಟ್ಟಿ ಹೊತ್ತು ಮೇಡ್ಲೇರಿ ಕಡೆಯ ಹಳ್ಳಿಗಳ ಓಣಿಗಳನ್ನು ತಿರುಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ಅಮೀರಬಿಯನ್ನು ಸಾಕಿ ಮದುವೆ ಮಾಡಿಕೊಟ್ಟದ್ದು ಆ ದುಡಿಮೆಯಿಂದಲೇ. ಎಷ್ಟೇ ಬಿಗಿಯಾದ ಬಳೆಯನ್ನೂ ಕೈಗೆ ನೋವಾಗದಂತೆ ಏರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು.

೧೯೯೧ರ ಬೇಸಿಗೆಯಲ್ಲಿ ಅವಳ ಎಡದವಡೆ ನೋಯತೊಡಗಿತು. ಬುಟ್ಟಿ ಹೊತ್ತು ನಡೆದರೆ ಹಿಂಡಿದಂತಾಗುವುದು, ಕಟ್ಟೆಯ ಮೇಲೆ ಕೂತರೆ ಇಳಿಯುವುದು. ಹಲ್ಲಿನದೇ ಇರಬೇಕೆಂದು ಲವಂಗ ಕಚ್ಚಿಕೊಂಡು ತಿರುಗಿದಳು. ಒಮ್ಮೊಮ್ಮೆ ಎಡಗೈಯೂ ಜಗ್ಗುತ್ತಿತ್ತು. ಬುಟ್ಟಿಯ ಭಾರಕ್ಕೆ ಎಂದುಕೊಂಡಳು. ಒಂದು ದಿನ ಮೇಡ್ಲೇರಿಯ ಗದಿಗೆವ್ವನ ಮನೆ ಮುಂದೆ ಬೆವರು ಕಿತ್ತುಬಂದು ಕುಸಿದು ಕೂತಳು. ಹಳೆಯ ಗೆಳತಿ ಗದಿಗೆವ್ವ ಅವಳ ಯಾವ ಮಾತನ್ನೂ ಕೇಳಲಿಲ್ಲ. ಹಲ್ಲು ಕೀಳಿಸಿಯೇ ಬಿಡೋಣವೆಂದು ಬಸ್ಸು ಹತ್ತಿಸಿ ರಾಣೆಬೆನ್ನೂರಿನ ಹಲ್ಲಿನ ಡಾಕ್ಟರರ ಬಳಿ ಕರೆತಂದಳು.

ಡಾಕ್ಟರರು ಒಂದೊಂದೇ ಹಲ್ಲು ತಟ್ಟಿ ನೋಡಿದರು. ಎಲ್ಲವೂ ಗಟ್ಟಿಯಾಗಿದ್ದವು.

"ಉಣ್ಣುವಾಗ ನೋವು ಬರತೈತೇನ್ರಿ?"

"ಇಲ್ರಿ. ನಡದಾಗ ಬರತೈತಿ, ಕುಂತ್ರ ಹೋಗತೈತಿ."

ಅವರು ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟು, ರಿಕ್ಷಾ ಕರೆಸಿ, ಇಬ್ಬರನ್ನೂ ಎದೆಯ ಕಾಯಿಲೆ ನೋಡುವ ಡಾಕ್ಟರರ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಇಸಿಜಿ ತೆಗೆದು ನೋಡಿದ ಆ ಡಾಕ್ಟರರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ಇದು ಹಲ್ಲಿನ ನೋವಲ್ರಿ, ಹೃದಯದ್ದು. ಹೃದಯಕ್ಕ ರಕ್ತ ಸಾಲದಾದಾಗ ಕೆಲವರಿಗೆ ಎದಿ ನೋಯೂದಿಲ್ಲ. ದವಡಿ, ಕೈ, ಬೆನ್ನು ನೋಯತಾವ. ನೋವಿನ ಸುದ್ದಿ ಒಯ್ಯೂ ನರಗಳು ಮಿದುಳಿಗೆ ಹೋಗೂದು ಹೆಚ್ಚುಕಡಿಮಿ ಒಂದ ಹಾದಿಯೊಳಗ. ಅದಕ್ಕ ಮಿದುಳು ಜಾಗಾ ತಪ್ಪಿ ತಿಳಕೋತದ. ಛಲೋ ಆತು, ವ್ಯಾಳ್ಯಾಕ್ಕ ಬಂದ್ರಿ."

ಆಸ್ಪತ್ರೆಯಿಂದ ಬಿಡುವಾಗ ದಿನವೂ ನುಂಗುವ ಗುಳಿಗೆಗಳ ಜೊತೆ, ನೋವು ಬಂದರೆ ಕೂತು ನಾಲಿಗೆಯ ಕೆಳಗಿಟ್ಟುಕೊಳ್ಳಲು ಒಂದು ಗುಳಿಗೆ ಕೊಟ್ಟರು. ಅದಕ್ಕೂ ನೋವು ಇಳಿಯದಿದ್ದರೆ ತಡಮಾಡದೆ ಬರಬೇಕೆಂದರು. ನಿಧಾನ ನಡೆಯಬಹುದು, ಭಾರ ಮಾತ್ರ ಹೊರಕೂಡದು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಕುಲ್ಸುಮಬಿ ಆ ಮಾತಿಗೆ ಅತ್ತುಬಿಟ್ಟಳು. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ಅವಳಿಗೆ ಬೇಡವಾಗಿತ್ತು.

ದಾರಿ ತೋರಿದವಳು ಗದಿಗೆವ್ವ. "ನೀ ಯಾಕ ಓಣಿ ತಿರಗ್ತಿ? ನಮ್ಮ ಜಗಲಿ ಮ್ಯಾಲ ಕುಂದ್ರು. ಬೇಕಾದವರು ಬರ್ತಾರ."

ಮಳೆಗಾಲ ಹಿಡಿಯುವ ಹೊತ್ತಿಗೆ ಜಗಲಿಯ ಮೇಲೆ ಬಳೆಗಳು ಸಾಲಾಗಿ ತೂಗತೊಡಗಿದವು. ಅಳಿಯ ಸೈಕಲ್ಲಿನ ಮೇಲೆ ಸರಕು ತಂದಿಳಿಸುತ್ತಿದ್ದ. ಅವಳು ಬಸ್ಸಿಳಿದು ಬರಿಗೈಯಲ್ಲಿ ನಿಧಾನ ನಡೆದು ಬರುತ್ತಿದ್ದಳು; ಗುಳಿಗೆಯ ಡಬ್ಬಿ ಕುಪ್ಪಸದೊಳಗೆ ಇದ್ದೇ ಇರುತ್ತಿತ್ತು. ಹೊಲಕ್ಕೆ ಹೊರಟ ಹೆಂಗಸರು, ನೀರಿಗೆ ಬಂದ ಸೊಸೆಯಂದಿರು ಅಲ್ಲೇ ಕೂತು ಬಳೆ ಇಡಿಸಿಕೊಂಡು ಹರಟುವರು. ಹಿಂದೆಂದಿಗಿಂತ ವ್ಯಾಪಾರ ಹೆಚ್ಚಾಯಿತು. ನೆರಳಲ್ಲಿ ಕೂತು ಮಾರುವುದು ಇಷ್ಟು ದಿನ ತನಗೇಕೆ ಹೊಳೆಯಲಿಲ್ಲವೋ ಎಂದು ಕುಲ್ಸುಮಬಿ ನಗುತ್ತಿದ್ದಳು.