ಪಿ.ಟಿ. ಟೀಚರ್ ಹಾಕಿದ ಸೊನ್ನೆ

ನೂಲಿನ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ತಾಳಿಯ ಜೊತೆಗೇ ನೇತಾಡುವ ವಿಷಲ್. ನಮ್ಮ ಪಿ.ಟಿ. ಟೀಚರು ಕರುಣಾಮಯಿ ಎಂದು ರಾಮನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕರುಣಾಮಯಿಗಳು ತಮ್ಮದೇ ತಂಡಕ್ಕೆ ಸೊನ್ನೆ ಹಾಕುತ್ತಾರೆಯೇ?

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಿವೃತ್ತರಾಗಿದ್ದ ಟೀಚರು ಅಂಗವಿಕಲ ಹುಡುಗ ಹುಡುಗಿಯರಿಗೆ ಕೆಲಸ ಕೊಡಿಸಲು ಕಲಿಸುವವರು, ಕಾರ್ಖಾನೆಯವರು, ಮನೆಯವರೆಲ್ಲ ಸೇರಿದ ಒಂದು ತಂಡ ಕಟ್ಟಿದ್ದರು. ಕಿವಿ ಕೇಳದ ನಮ್ಮಣ್ಣನಿಗೂ ಕೆಲಸ ಸಿಕ್ಕಿತ್ತು. ತಂಡದವರು ತಿಂಗಳಿಗೊಮ್ಮೆ ಸೇರಿ ತಮ್ಮ ಹೊಂದಾಣಿಕೆಗೆ ಹತ್ತಕ್ಕೆ ಅಂಕ ಹಾಕಬೇಕು. ಎಲ್ಲರೂ ಧಾರಾಳವಾಗಿ ಒಂಬತ್ತು ಹಾಕಿಕೊಳ್ಳುತ್ತಿದ್ದರು. ಟೀಚರ ಅಳತೆಯೇ ಬೇರೆ: "ನಿನ್ನ ಕೆಲ್ಸ ಬ್ಯಾಡ, ಪಕ್ಕದೋರ ಕೆಲ್ಸ ಹೇಳು."

ಅಣ್ಣನ ವಿಷಯ ಬಂದ ದಿನ ಅಪ್ಪನ ಜೊತೆ ನಾನೂ ಸಭೆಗೆ ಹೋಗಿದ್ದೆ. ಸನ್ನೆ ಕಲಿಸಿದ ಮೇಷ್ಟ್ರಿಗೆ ಅಣ್ಣ ಯಾವ ಮೆಷೀನಿನ ಮುಂದೆ ನಿಲ್ಲುತ್ತಾನೆಂದು ಗೊತ್ತಿಲ್ಲ. ಕಾರ್ಖಾನೆಯ ಸೂಪರ್‌ವೈಸರಿಗೆ ಎದುರು ಕೂತ ಮೇಷ್ಟ್ರು ಯಾರೆಂದೇ ಗೊತ್ತಿಲ್ಲ.

"ಕೂಗಿದ್ರೆ ತಿರುಗೂ ನೋಡಲ್ಲ ಮೇಡಂ. ಈ ತಿಂಗ್ಳು ನೋಡಿ ತೆಗೆದುಬುಡ್ತೀವಿ" ಎಂದ ಸೂಪರ್‌ವೈಸರ್.

"ಕಿವಿ ಕೇಳ್ದೋನ್ನ ಕೂಗ್ತೀಯೇನಪ್ಪಾ?"

"ಅಭ್ಯಾಸ ಮೇಡಂ."

ಟೀಚರು ಬೋರ್ಡಿನ ಮೇಲೆ ದೊಡ್ಡ ಸೊನ್ನೆ ಬರೆದರು.

"ಏನ್ ಟೀಚರ್ ಇದು! ಸೊನ್ನೆ ಹಾಕ್ಬುಟ್ರೆ ನನ್ ಮಗನ್ನ ಕೆಲ್ಸದಲ್ಲಿ ಮಡಿಕತಾರಾ?" ಅಪ್ಪ ಸಿಡಿದರು. ಕಾಲೇಜಿನ ಚರ್ಚಾಸ್ಪರ್ಧೆಯ ಹುಮ್ಮಸ್ಸಿನಲ್ಲಿ ನಾನೂ ಎದ್ದೆ: "ಒಂದೇ ಪ್ರಶ್ನೆಯಿಂದ ಇಡೀ ತಂಡವನ್ನು ಅಳೆಯೋದು ಯಾವ ನ್ಯಾಯ?"

"ಕೂತ್ಕೊ ಲಾಯರಮ್ಮ. ಸೊನ್ನೆ ನಿಮ್ಮಣ್ಣನಿಗಲ್ಲ, ನಮಗೆ. ಒಂಬತ್ತು ಬರೆದು ಮನೆಗೆ ಹೋಗಿದ್ರೆ, ನಾಳೆ ಅವನ ಕೆಲ್ಸ ಹೋದಾಗ ಯಾರನ್ನ ಕೇಳ್ತಿದ್ದೆ?"

ಚರ್ಚೆಯಲ್ಲಿ ನಾನು ಸೋತದ್ದು ಅಪರೂಪ. ಅಂದು ಸೋತೆ.

ಮಾರನೇ ದಿನವೇ ಟೀಚರು ಮೇಷ್ಟ್ರನ್ನು ಎಳೆದುಕೊಂಡು ಕಾರ್ಖಾನೆಗೆ ಹೋದರು. ಅಣ್ಣನ ಸಾಲಿನಲ್ಲಿ ದುಡಿಯುವವರೆಲ್ಲ 'ನಿಲ್ಲಿಸು', 'ತಪ್ಪಾಯ್ತು', 'ಇಲ್ಲಿ ಬಾ' ಎಂಬ ಸನ್ನೆಗಳನ್ನು ಕಲಿತರು. ಸೂಪರ್‌ವೈಸರ್ ಕೂಗುವುದು ಬಿಟ್ಟು ಎದುರಿಗೆ ಬಂದು ಕೈ ಆಡಿಸತೊಡಗಿದ. ಅಣ್ಣನ ಕೆಲಸ ಉಳಿಯಿತು, ಕಾಯಂ ಕೂಡ ಆಯಿತು. "ನಮ್ಮ ಟೀಚರ್ ಅಂದ್ರೆ ಏನಂದ್ಕಂಡ್ರಿ!" ಎಂದು ಅಪ್ಪ ಬೀದಿಯಿಡೀ ಮೈಸೂರುಪಾಕು ಹಂಚಿದರು. ಆಮೇಲೆ ಮಾಗಡಿ, ಕನಕಪುರದ ತಂಡಗಳೂ ಅದೇ ಪ್ರಶ್ನೆ ಕೇಳತೊಡಗಿದವು. ಟೀಚರ ಮಾತು ಬಂದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಟೀಚರು ಹೋದ ವರ್ಷ ತೀರಿಕೊಂಡರು. ನನ್ನದೊಂದು ತಕರಾರು ಹಾಗೇ ಉಳಿಯಿತು. ಅಣ್ಣನ ವಿಷಯ ಎಲ್ಲರನ್ನೂ ಕೇಳಿದಿರಿ ಟೀಚರ್, ಆ ಸಭೆಯಲ್ಲಿ ಅವನಿಗೊಂದು ಕುರ್ಚಿ ಯಾಕೆ ಹಾಕಿಸಲಿಲ್ಲ?