ಕುಂಕುಮದಡಿಯ ಲೈಸೆನ್ಸ್ ಕೀ

ಉಡುಪಿಯಲ್ಲಿ ಕಂಪ್ಯೂಟರ್ ಸರ್ವಿಸ್ ಇಂಜಿನಿಯರ್ ಆಗಿ ಅದು ನನ್ನ ಕೊನೆಯ ವರ್ಷ. ಕಾಪುವಿನಿಂದ ಕಾರ್ಕಳದವರೆಗೆ ಯಾರ ಯಂತ್ರ ಕೆಟ್ಟರೂ ಕರೆ ನನಗೇ. ಸೊಂಟನೋವು, ಬಸ್ಸಿನ ಕುಲುಕಾಟ, "ನಿನ್ನೆಯವರೆಗೆ ಸರಿ ಇತ್ತು" ಎಂಬ ಮಾತು, ಮೂರೂ ಸಾಕಾಗಿ ಹೋಗಿದ್ದವು.

ಆ ಬೆಳಿಗ್ಗೆ ಕರೆ ಬಂದದ್ದು ಕಾರ್ಕಳದ ಒಂದು ಸಣ್ಣ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಿಂದ. ಅದನ್ನು ನಡೆಸುತ್ತಿದ್ದವರು ಪ್ರಫುಲ್ಲಾ ಮೇಡಂ. ಕಿವಿ ಕೇಳದವರು ಹಾಕುವ ಹಿಯರಿಂಗ್ ಏಡನ್ನು ಅವರವರ ಕಿವಿಗೆ ತಕ್ಕಂತೆ ಹೊಂದಿಸುತ್ತಿದ್ದ ಅವರ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಪೂರ್ತಿ ಸತ್ತಿತ್ತು. ಹೊಸದನ್ನು ಹಾಕಿದೆ. ಆದರೆ ಅವರ ಸಾಫ್ಟ್‌ವೇರ್ ನಡೆಯುವುದು ಹಳೆಯ ವಿಂಡೋಸ್‌ನಲ್ಲಿ ಮಾತ್ರ. ಅದೋ, ಲೈಸೆನ್ಸ್ ಕೀ ಕೊಡದೆ ಒಂದು ಹೆಜ್ಜೆ ಮುಂದೆ ಹೋಗದು. ಕೀ ಅಂದರೆ ಇಪ್ಪತ್ತೈದು ಅಕ್ಷರ, ಅಂಕಿಗಳ ಒಂದು ಸಾಲು. ಬಿಲ್ಲು, ಡಬ್ಬಿ ಯಾವುದೂ ಉಳಿದಿರಲಿಲ್ಲ. ಇನ್ನು ಇದ್ದರೆ ಸಿಪಿಯು ಬದಿಯ ಸ್ಟಿಕ್ಕರಿನಲ್ಲಿ ಇರಬೇಕು.

ತಿರುಗಿಸಿ ನೋಡಿದೆ. ಸ್ಟಿಕ್ಕರ್ ಇತ್ತು, ಅಕ್ಷರಗಳು ಇರಲಿಲ್ಲ.

"ಇದಕ್ಕೆ ಎಂತ ಮಾಡಿದ್ದೀರಿ ಮೇಡಂ?"

"ಎಂತದೂ ಇಲ್ಲ ಮಾರಾಯ್ರೆ. ಆಯುಧಪೂಜೆಗೆ ಒರೆಸಿ ಕುಂಕುಮ ಇಡ್ತೇವೆ, ಅಷ್ಟೆ."

ಪ್ರತಿ ನವರಾತ್ರಿಗೂ ಒದ್ದೆ ಬಟ್ಟೆಯಲ್ಲಿ ಉಜ್ಜಿ, ಬೊಟ್ಟಿಡಲು ಒಳ್ಳೆಯ ಜಾಗವೆಂದು ಆ ಸ್ಟಿಕ್ಕರನ್ನೇ ಆರಿಸಿಕೊಂಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಳೆ ನೋಡೋಣ ಎಂದು ಬ್ಯಾಗ್ ಮುಚ್ಚಿದೆ.

ಆಗ ಬೆಂಚಿನಲ್ಲಿ ಕಾಯುತ್ತಿದ್ದ ಒಬ್ಬರು ಎದ್ದು ಬಂದರು. ಹೆಸರು ಸಂಜೀವಣ್ಣ, ಕಲ್ಲುಕೋರೆಯ ಸದ್ದಿನಲ್ಲಿ ದುಡಿದು ಕೇಳುವ ಶಕ್ತಿ ಕಳೆದುಕೊಂಡವರು. ರಿಪೇರಿಯಾಗಿ ಬಂದ ಅವರ ಹಿಯರಿಂಗ್ ಏಡಿನಲ್ಲಿ ಹಿಂದಿನ ಹೊಂದಾಣಿಕೆಯೆಲ್ಲ ಅಳಿಸಿಹೋಗಿತ್ತು. ಆ ಹಳೆಯ ಮಾದರಿಯ ಸಾಫ್ಟ್‌ವೇರ್ ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ. ನನ್ನ ಮಾತು ಅವರಿಗೆ ಕೇಳಿಸಿರಲಿಕ್ಕಿಲ್ಲ, ಬ್ಯಾಗ್ ಮುಚ್ಚಿದ್ದು ಕಂಡಿತ್ತು.

"ಹೆಂಡತಿ ಮಣಿಪಾಲದಲ್ಲಿ ಅಡ್ಮಿಟ್ ಉಂಟು ಸರ್," ಎಂದರು ದೊಡ್ಡ ದನಿಯಲ್ಲಿ. "ನಾಳೆ ಬೆಳಿಗ್ಗೆ ಡಾಕ್ಟ್ರು ರಿಪೋರ್ಟ್ ಹೇಳ್ತಾರೆ. ಇದು ಇಲ್ಲದಿದ್ರೆ ನನಗೆ ಕಿರುಚಿ ಹೇಳ್ಬೇಕಾಗ್ತದೆ. ಇಡೀ ವಾರ್ಡಿಗೆ ಕೇಳ್ತದೆ. ಅವಳಿಗೂ."

ಬ್ಯಾಗ್ ಮತ್ತೆ ತೆರೆದೆ.

"ಪೂಜೆಯ ಫೋಟೋ ಉಂಟಾ ಮೇಡಂ? ಮೊದಲ ವರ್ಷದ್ದು?"

ಇತ್ತು. ಕ್ಲಿನಿಕ್ ತೆರೆದ ವರ್ಷ ಸ್ಟುಡಿಯೋದವರಿಂದ ತೆಗೆಸಿದ ಫೋಟೋಗಳ ಸಿಡಿಯನ್ನು ಮೇಡಂ ದೇವರ ಗೂಡಿನ ಹಿಂದಿನಿಂದ ತಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಸೇವಂತಿಗೆ ಮಾಲೆ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು ಸಿಪಿಯು. ಹಿಗ್ಗಿಸಿದಾಗ ಸ್ಟಿಕ್ಕರಿನ ಅಕ್ಷರಗಳು ಒಂದೊಂದಾಗಿ ಕಾಣಿಸಿಕೊಂಡವು, ಒಂದರ ಹೊರತು. ಅದರ ಮೇಲೆ ಕುಂಕುಮ.

ಆ ಒಂದು ಜಾಗಕ್ಕೆ ಬಿ ಹಾಕಿದೆ, ಸಿ ಹಾಕಿದೆ, ಡಿ ಹಾಕಿದೆ. ಪ್ರತಿ ಸಲವೂ ಕೀ ತಪ್ಪೆಂದು ಪರದೆ ಹೇಳಿತು. ಮೇಡಂ ತಂದಿಟ್ಟ ಚಹಾ ತಣ್ಣಗಾಯಿತು. ನನಗೆ ಮನೆಗೆ ಹೋಗಿ ಮಲಗಿದರೆ ಸಾಕಿತ್ತು. ಅಕ್ಷರಗಳು ಮುಗಿದು ಅಂಕಿಗಳಿಗೆ ಇಳಿದಾಗ, ಏಳು ಒತ್ತಿದ್ದೇ ಪರದೆ ಮುಂದಕ್ಕೆ ಸರಿಯಿತು.

ವಿಂಡೋಸ್, ಮೇಡಂ ಬಳಿಯಿದ್ದ ಸಿಡಿಯಿಂದ ಅವರ ಸಾಫ್ಟ್‌ವೇರ್, ಎಲ್ಲ ತುಂಬಿಸಿ ಮುಗಿಸುವಾಗ ಸಂಜೆ. ಹಿಯರಿಂಗ್ ಏಡ್ ಹೊಂದಿಸಿದ ಮೇಡಂ ಸಂಜೀವಣ್ಣನ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ, "ಕೇಳ್ತದಾ?" ಎಂದರು.

"ಕೇಳ್ತದೆ," ಎಂದರು ಅವರು, ಅಷ್ಟೇ ಮೆಲ್ಲಗೆ. ದಿನವಿಡೀ ಜೋರಾಗಿದ್ದ ದನಿ ಅದೇ ಎಂದು ನಂಬಲಾಗಲಿಲ್ಲ.

ಮರುದಿನ ಮಧ್ಯಾಹ್ನ ಹಿರಿಯಡ್ಕದಲ್ಲಿ ಬೇರೊಂದು ಯಂತ್ರ ಬಿಚ್ಚಿ ಕೂತಿದ್ದಾಗ ಸಂಜೀವಣ್ಣನ ಫೋನ್ ಬಂತು.

"ಡಾಕ್ಟ್ರು ಹೊರಗೆ ಕರೆದು ಮೆಲ್ಲಗೆ ಹೇಳಿದ್ರು ಸರ್. ಎಲ್ಲ ಕೇಳಿಸಿತು."

ಏನು ಹೇಳಿದರೆಂದು ನಾನು ಕೇಳಲಿಲ್ಲ. ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. "ಅವಳಿಗೆ ನಾನೇ ಹೇಳ್ತೇನೆ. ಇವತ್ತು ಬೇಡ," ಎಂದರು.

ಯಂತ್ರ ಸರಿಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು, ಅದರಿಂದ ಯಾರು ಯಾವ ಸುದ್ದಿ ಕೇಳುತ್ತಾರೋ ಅದಲ್ಲ. ಆದರೂ ಬ್ಯಾಗ್ ಮುಚ್ಚುವ ಮೊದಲು ಬೆಂಚಿನ ಮೇಲೆ ಯಾರು ಕೂತಿದ್ದಾರೆಂದು ಒಮ್ಮೆ ನೋಡಬೇಕು. ಅಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಅದೊಂದನ್ನೇ, ಅದೂ ಕೊನೆಯ ವರ್ಷದಲ್ಲಿ.